ಮಡಿಕೆ ಕೊಳವೆಯಲ್ಲಿ ಗುಳ್ಳೆ

ಟ್ರಾಮಿನಲ್ಲಿ ಹೂಗುಚ್ಛ ಹಿಡಿದು ನಿಂತ ಗಂಡಸನ್ನು ಹೆಂಗಸರೆಲ್ಲ ಒಮ್ಮೆ ಅಡಿಯಿಂದ ಮುಡಿಯವರೆಗೆ ಅಳೆಯುತ್ತಾರೆ, ಇವನು ಮನೆಯಲ್ಲಿ ಏನು ತಪ್ಪು ಮಾಡಿಕೊಂಡಿದ್ದಾನೋ ಎಂದು. ಲುದೊಮಿರ್ ಪಾಸೆಕ್ ಆ ನೋಟ ತಪ್ಪಿಸಿಕೊಳ್ಳಲು ಕಿಟಕಿಯ ಕಡೆ ತಿರುಗಿ ನಿಂತಿದ್ದ. ಹೊರಗೆ ವ್ರೊತ್ಸ್ವಾಫ್ ನಗರದ ಅಕ್ಟೋಬರ್ ಮಂಜು. ಓದ್ರಾ ನದಿಯ ಸೇತುವೆ ಬಂದದ್ದೂ ಹೋದದ್ದೂ ಗಾಲಿಗಳ ಸದ್ದು ಬದಲಾದದ್ದರಿಂದ ಮಾತ್ರ ಗೊತ್ತಾಯಿತು. ತಾನು ಯಾರಿಗೂ ತಪ್ಪು ಮಾಡಿಲ್ಲ, ಇವು ಪ್ರೊಫೆಸರ್ ಸೆವೆರಿನ್ ಹೊರೊದಿಸ್ಕಿಯವರ ನಾಮದಿನದ ಹೂವುಗಳು, ಇವತ್ತು ಸಂತ ಸೆವೆರಿನನ ದಿನ, ಆ ಹೆಸರಿಟ್ಟುಕೊಂಡವರಿಗೆಲ್ಲ ಹಬ್ಬ ಎಂದು ಇಡೀ ಟ್ರಾಮಿಗೆ ಕೂಗಿ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಟ್ರಾಮು ಜಗ್ಗಿ ನಿಂತಿತು, ಯಾರದೋ ಬೆನ್ನಿನ ಚೀಲ ತಗುಲಿ ಒಂದು ಹೂವಿನ ಕತ್ತು ಮುರಿಯಿತು. ಮುರಿದದ್ದನ್ನು ಕಿತ್ತ. ಕಿತ್ತಮೇಲೆ ಎಣಿಸಿದ. ಹೂವು ಸಮಸಂಖ್ಯೆಗೆ ಬಂದಿತ್ತು, ಸಮಸಂಖ್ಯೆಯ ಹೂವು ಹೋಗುವುದು ಹೆಣದ ಮೇಲೆ. ಅವನು ಅತ್ತಿತ್ತ ನೋಡಿ, ಚೆನ್ನಾಗಿ ಅರಳಿ ನಿಂತಿದ್ದ ಇನ್ನೊಂದನ್ನೂ ಕಿತ್ತು ಕೋಟಿನ ಜೇಬಿಗೆ ತುರುಕಿಕೊಂಡ.

ಪಕ್ಕದಲ್ಲಿ ಕೂತಿದ್ದ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. "ಚೆನ್ನಾಗಿರೋದನ್ನ ಯಾಕಪ್ಪ ಕಿತ್ತೆ?" ಅಂದಳು. "ಜೋಡಿ ಆಯ್ತಲ್ಲಮ್ಮ," ಅಂದ. "ಹ್ಞಾ, ಅದೂ ಸರಿಯೇ. ಯಾರಿಗೆ?" "ನಮ್ಮ ಪ್ರೊಫೆಸರಿಗೆ." "ಸತ್ತಿಲ್ಲ ತಾನೆ?" "ಇಲ್ಲಮ್ಮ, ಇನ್ನೂ ಇದಾರೆ." ಹಾಗೆ ಹೇಳಿದ ಮೇಲೆ ಆ 'ಇನ್ನೂ' ಅವನ ಕಿವಿಯಲ್ಲೇ ಉಳಿಯಿತು. ಮುದುಕಿ ನಕ್ಕಳೋ ಇಲ್ಲವೋ, ಅವಳಿಗೆ ತನ್ನ ಒಳಗಿನದೆಲ್ಲ ಗೊತ್ತಾಗಿಹೋಯಿತು ಎಂದು ಅವನಿಗೆ ಬೆವರು ಬಂತು. ಪ್ರೊಫೆಸರರು ಸಾಯಲಿ ಎಂದು ಅವನು ಯಾವತ್ತೂ ಬಯಸಿದವನಲ್ಲ. ಅವರು ನಿವೃತ್ತರಾಗಲಿ ಎಂದು ಬಯಸಿದ್ದ, ಅದೂ ತನ್ನ ಎರಡನೆಯ ಪ್ರಬಂಧಕ್ಕೆ ಸಹಿ ಹಾಕಿದ ಮೇಲೆ. ಡಾಕ್ಟರಾದವನು ಪ್ರೊಫೆಸರಾಗುವ ಮುಂಚೆ ಇನ್ನೊಂದು, ಮೊದಲಿನದಕ್ಕಿಂತ ದಪ್ಪನೆಯ ಪ್ರಬಂಧ ಬರೆಯಬೇಕೆಂಬುದು ಈ ದೇಶದ ನೇಮ. ಬರೆದಾಗಿತ್ತು. ಅಚ್ಚಾಗಿ, ರಟ್ಟು ಕಟ್ಟಿಸಿಕೊಂಡು, ಪ್ರೊಫೆಸರರ ಮೇಜಿನ ಮೇಲೆ ಅವರ ಚಹಾ ಲೋಟಕ್ಕೆ ಪೀಠವಾಗಿ ಮೂರು ತಿಂಗಳಿಂದ ಕೂತಿತ್ತು.

ಬೆಳಿಗ್ಗೆ ಹೆಂಡತಿ ಇರ್ಮಿನಾ ಅವನ ಟೈ ಸರಿಮಾಡುತ್ತ, "ಇವತ್ತಾದ್ರೂ ಹೇಳ್ತೀಯಾ?" ಎಂದು ಕೇಳಿದ್ದಳು. ಅವಳು ಹಲ್ಲಿನ ವೈದ್ಯೆ. "ಏನನ್ನ?" ಅಂದಿದ್ದ, ಗೊತ್ತಿಲ್ಲದವನ ಹಾಗೆ. "ಏನನ್ನ ಅಂತೆ! ಆ ಕಿಟಕಿ ವಿಷಯ ಹೇಳ್ಕೊಂಡು ನಿದ್ದೇಲೂ ಕನವರಿಸ್ತಿದೀಯ. ನೋಡು, ನನ್ನ ಕುರ್ಚಿ ಮೇಲೆ ಕೂತೋರೆಲ್ಲಾ ಬಾಯಿ ಬಿಡ್ತಾರೆ. ದೊಡ್ಡ ದೊಡ್ಡ ಪೊಲೀಸರು ಬಿಡ್ತಾರೆ. ಮನೇಲಿರೋ ನೀನೊಬ್ಬ ಬಿಡಲ್ಲ." "ನೋಡೋಣ, ಅಳತೆ ಏನು ಹೇಳತ್ತೋ." "ಅಳತೆ ಹೇಳತ್ತೆ ಕಣೋ. ನೀನು ಹೇಳ್ತೀಯಾ ಅಂತ ಕೇಳಿದ್ದು." ಅವಳು ಟೈಯ ಗಂಟನ್ನು ಸ್ವಲ್ಪ ಜಾಸ್ತಿಯೇ ಬಿಗಿದಳು. ಅವನು ಅದನ್ನು ಮೆಟ್ಟಿಲಿಳಿಯುತ್ತ ಸಡಿಲಿಸಿಕೊಂಡ.

ಹೇಳಬೇಕಾದ ವಿಷಯ ಇಷ್ಟೇ, ಚಿಕ್ಕ ಮಕ್ಕಳಿಗೂ ಅರ್ಥವಾಗುವಂಥದ್ದು, ಅದೇ ಅದರ ತೊಂದರೆ. ದ್ರವ ಸಾರಜನಕದಂಥ ಮಹಾ ತಣ್ಣನೆಯ ದ್ರವವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಸಬೇಕಾದರೆ ನೆಟ್ಟಗಿನ ನುಣುಪು ಕೊಳವೆ ಸಾಲದು. ಚಳಿಗೆ ಲೋಹ ಕುಗ್ಗುತ್ತದೆ, ಕುಗ್ಗಿ ಬೆಸುಗೆ ಹರಿದುಕೊಳ್ಳುತ್ತದೆ. ಅದಕ್ಕೇ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಕೊಳವೆ ಮಾಡುತ್ತಾರೆ. ಅದು ಕುಗ್ಗುತ್ತದೆ, ಬಾಗುತ್ತದೆ, ಹರಿಯುವುದಿಲ್ಲ. ಆದರೆ ಒಳಗೆ ಹೋಗುವ ದ್ರವ ಒಂದೊಂದು ಮಡಿಕೆಯಲ್ಲೂ ನಿಂತು ಸುತ್ತು ಹೊಡೆದು ತನ್ನ ನೂಕುಬಲವನ್ನು ಅಲ್ಲಲ್ಲೇ ಕಳೆದುಕೊಂಡು ಮುಂದೆ ಸಾಗುತ್ತದೆ. ಎಷ್ಟು ಕಳೆದುಕೊಳ್ಳುತ್ತದೆ? ನುಣುಪು ಕೊಳವೆಯಲ್ಲಿ ಕಳೆದುಹೋಗುವ ಒತ್ತಡದ ಮೂರರಷ್ಟು, ಎನ್ನುತ್ತದೆ ಹೊರೊದಿಸ್ಕಿ ಸೂತ್ರ. ಆ ಸೂತ್ರವನ್ನು ಇನ್‌ಸ್ಟಿಟ್ಯೂಟಿನ ಹಜಾರದ ಗೋಡೆಗೆ ಹಿತ್ತಾಳೆಯಲ್ಲಿ ಕೆತ್ತಿ ಹಾಕಿದ್ದಾರೆ, ಕೆಳಗೆ ಕುಂಡದಲ್ಲಿ ಒಂದು ಜರಿಗಿಡ.

ಎಷ್ಟೋ ವರ್ಷಗಳ ಹಿಂದಿನ ಒಂದು ದಿನ, ಇನ್ನೂ ಮೂವತ್ತು ತುಂಬದ ಲುದೊಮಿರ್ ಪಾಸೆಕ್ ಚೌಕಳಿ ಹಾಳೆ ಹಿಡಿದುಕೊಂಡು ಪ್ರೊಫೆಸರರ ಬಾಗಿಲ ಮುಂದೆ ನಿಂತಿದ್ದಾನೆ. ಹಾಳೆಯ ಮೇಲೆ ಪ್ರೊಫೆಸರರ ಗೆರೆ, ಆ ಗೆರೆಗಿಂತ ಎಷ್ಟೋ ಮೇಲೆ ಅವನ ಪೆನ್ಸಿಲಿನ ಚುಕ್ಕೆಗಳು, ಮೂರರ ಹತ್ತಿರವಲ್ಲ, ಐದರ ಹತ್ತಿರ. ಅವನಿಗೆ ಏನೋ ಹೊಸದು ಸಿಕ್ಕಿದೆ ಎಂಬ ಖುಷಿ, ಅದನ್ನು ಮೊದಲು ತೋರಿಸಬೇಕಾದವರು ಇವರೇ ಎಂಬ ಎಳೆಯ ಭಕ್ತಿ. ಪ್ರೊಫೆಸರರು ಕನ್ನಡಕ ಹಣೆಗೇರಿಸಿ ನೋಡುತ್ತಾರೆ. "ಇದೇನಿದು ಲುದೆಕ್, ನಕ್ಷತ್ರಗಳಾ?" ಅವರು ಅವನನ್ನು ಮನೆಯವರು ಕರೆಯುವ ಮುದ್ದಿನ ಹೆಸರಿನಿಂದ ಕರೆದು ನೀವು ಎನ್ನುತ್ತಾರೆ, ಕೈಗವಸು ಹಾಕಿಕೊಂಡು ನಾಯಿ ಸವರಿದ ಹಾಗೆ. "ಅಳತೆ, ಪ್ರೊಫೆಸರೇ. ಮತ್ತೆ ಮತ್ತೆ ತೆಗೆದೆ. ಅಲ್ಲಿಗೇ ಬರತ್ತೆ." "ಗುಳ್ಳೆ." "ಏನಂದ್ರಿ?" "ಗುಳ್ಳೆ ಅಂದೆ. ದ್ರವ ಕೊಳವೆ ಒಳಗೆ ಕುದಿದಿದೆ. ಕುದಿದ್ರೆ ಗುಳ್ಳೆ, ಗುಳ್ಳೆ ಬಂದ್ರೆ ಒತ್ತಡ ಜಾಸ್ತಿ ತಿನ್ನತ್ತೆ. ನಿಮ್ಮ ಕೊಳವೆಗೆ ಹೊರಗಿನ ಬಿಸಿ ನುಗ್ಗಿದೆ, ಅಷ್ಟೇ." "ಆದರೆ ದ್ರವ ಕುದಿಯೋ ಮಟ್ಟಕ್ಕಿಂತ ತಣ್ಣಗೇ ಇತ್ತು..." ಪ್ರೊಫೆಸರರು ಮೇಜಿನ ಖಾನೆ ಎಳೆದು ಒಂದು ರಬ್ಬರು ತೆಗೆದು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚುತ್ತಾರೆ. "ಹೊಸದು. ನೀವೇ ಇಟ್ಕೊಳ್ಳಿ." ಆ ಮಡಿಚುವಿಕೆಯಲ್ಲಿ ಎಂಥ ಪ್ರೀತಿ ಇತ್ತು! ತಂದೆಯಿಲ್ಲದೆ ಬೆಳೆದವನು ಲುದೊಮಿರ್. ಅವನು ಅಲ್ಲೇ, ಅವರ ಮೇಜಿನ ಅಂಚಿನಲ್ಲೇ, ಚುಕ್ಕೆಗಳನ್ನು ಉಜ್ಜಿದ. ಹಾಳೆಯ ಹಸಿರು ಚೌಕಳಿಯೂ ಒಂದಿಷ್ಟು ಉಜ್ಜಿಹೋಯಿತು.

ಆಮೇಲೆ ಗುಳ್ಳೆ ಎಂಬುದು ಇನ್‌ಸ್ಟಿಟ್ಯೂಟಿನ ಆಚಾರವಾಯಿತು. ಯಾರ ಅಳತೆ ಗೆರೆಯ ಮೇಲೆ ಹೋದರೂ ಗುಳ್ಳೆ. ಗೆರೆಯ ಕೆಳಗೆ ಬಂದರೆ ಮಾತ್ರ ಹುಡುಗರಿಗೆ ಬೈಗುಳ, ಏಕೆಂದರೆ ಗುಳ್ಳೆ ಕೆಳಗೆ ಎಳೆಯುವುದಿಲ್ಲ. ಈ ಆಚಾರದ ಅರ್ಚಕ ಲುದೊಮಿರ್ ಪಾಸೆಕ್ ಆದ. ಎಲ್ಲರ ಅಳತೆಗಳೂ ಪ್ರೊಫೆಸರರಿಗೆ ಹೋಗುವ ಮುಂಚೆ ಅವನ ಕೈದಾಟಿ ಹೋಗಬೇಕು; ಅವನು ನೋಡಿ, 'ಗುಳ್ಳೆ, ಲೆಕ್ಕಕ್ಕಿಲ್ಲ' ಎಂದು ಬರೆದು ಹೆಸರಿನ ಮೊದಲಕ್ಷರ ಹಾಕುತ್ತಿದ್ದ. ಒಮ್ಮೆ ಒಬ್ಬಳು ವಿದ್ಯಾರ್ಥಿನಿ, "ಗುಳ್ಳೆ ಇದೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೇಳಿಯೇಬಿಟ್ಟಳು. "ಅಂಕಿ ಜಾಸ್ತಿ ಬಂದಿದೆಯಲ್ಲ, ಅದರಿಂದ," ಅಂದ. "ಅಂಕಿ ಯಾಕೆ ಜಾಸ್ತಿ ಬಂತು?" "ಗುಳ್ಳೆಯಿಂದ." ಅವಳು ಕಣ್ಣು ಮಿಟುಕಿಸದೆ ಅವನನ್ನು ನೋಡಿ, ಬರೆದುಕೊಂಡಳು. ಮರುವರ್ಷ ಅವಳು ಬ್ಯಾಂಕಿಗೆ ಸೇರಿದಳೆಂದು ಕೇಳಿ ಅವನಿಗೆ ಯಾಕೋ ಹಾಯೆನಿಸಿತ್ತು.

"ನಮಸ್ಕಾರ ದೊತ್ಸೆಂತರೇ!" ಎಂದ ಇನ್‌ಸ್ಟಿಟ್ಯೂಟಿನ ಬಾಗಿಲ ಕಾವಲಿನವನು, ಟ್ರಾಮಿಳಿದು ಹೂಗುಚ್ಛ ಹಿಡಿದು ಬಂದವನನ್ನು ಕಂಡು. ಇಲ್ಲಿ ಯಾರನ್ನೂ ಅವರಿರುವ ಮೆಟ್ಟಿಲಿನಿಂದ ಕರೆಯುವುದಿಲ್ಲ, ಒಂದು ಮೆಟ್ಟಿಲು ಮೇಲಿನದರಿಂದ ಕರೆಯುತ್ತಾರೆ. ಡಾಕ್ಟರನ್ನು ದೊತ್ಸೆಂತ್ ಎನ್ನುತ್ತಾರೆ, ದೊತ್ಸೆಂತನನ್ನು ಪ್ರೊಫೆಸರ್ ಎನ್ನುತ್ತಾರೆ, ಪ್ರೊಫೆಸರರಿಗೆ ಮೇಲೆ ಮೆಟ್ಟಿಲಿಲ್ಲದ್ದರಿಂದ ಅವರ ಮುಂದೆ ಸುಮ್ಮನೆ ಬಾಗುತ್ತಾರೆ. ಲುದೊಮಿರ್ ತನ್ನದಲ್ಲದ ಪದವಿಗೆ ತಲೆಯಾಡಿಸಿ, ಹೂವುಗಳನ್ನು ಕಾರ್ಯದರ್ಶಿ ಬೊಗ್ನಾಳ ಬಕೆಟ್ಟಿಗೆ ಇಳಿಸಿ ಕೆಳಗಿನ ಪ್ರಯೋಗಶಾಲೆಗೆ ಹೋದ.

ಅಲ್ಲಿ ಡಾಕ್ಟರ್ ಯಾಗೊದಾ ವಿಲ್ಕ್ ಆಗಲೇ ಕೊಳವೆಗೆ ದ್ರವ ಬಿಟ್ಟಿದ್ದಳು. ವಯಸ್ಸಿನಲ್ಲಿ ಅವನಿಗಿಂತ ಎಷ್ಟೋ ಚಿಕ್ಕವಳು, ಫ್ರಾನ್ಸಿನಲ್ಲಿ ಎರಡು ವರ್ಷ ಇದ್ದು ಬಂದವಳು, ಬಂದವಳೇ ಇವರ ಮಡಿಕೆ ಕೊಳವೆಯ ಎರಡು ತುದಿಗೂ ಒಂದೊಂದು ಕಿಟಕಿ ಕೂರಿಸುತ್ತೇನೆ ಎಂದು ಹಟ ಹಿಡಿದಿದ್ದಳು. ಎರಡು ಪದರದ ದಪ್ಪ ಗಾಜು, ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದದ್ದು, ಆಚೆ ಒಂದು ದೀಪ. ಇಷ್ಟು ಕಾಲ ಇಷ್ಟು ಜನ ಗುಳ್ಳೆಗಳ ಬಗ್ಗೆ ಮಾತಾಡಿದ್ದರು, ಅವನ್ನು ನೋಡಬಹುದು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೋ, ಹೊಳೆದದ್ದನ್ನು ತಾನೇ ಬೇಗ ಬೇಗ ಆರಿಸಿದ್ದೋ. ಲುದೊಮಿರ್ ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿದ.

ಕೊಳವೆ ಮೊದಲು ಉಗುಳಿತು, ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು. ಬಿಸಿ ಲೋಹಕ್ಕೆ ಆ ತಣ್ಣನೆಯದು ತಗುಲಿದಾಗ ಯಾವಾಗಲೂ ಹೀಗೇ. ಕಿಟಕಿಯ ತುಂಬ ಬಿಳಿಯ ನೊರೆ ಹಾರಿತು, ಅದನ್ನು ನೋಡಿ ಅವನಿಗೆ ಹಳೆಯ ಸ್ನೇಹಿತರನ್ನು ಕಂಡಷ್ಟು ಸಂತೋಷವಾಯಿತು. "ನೋಡಿ, ನೋಡಿ!" ಅಂದ. "ಅದು ತಣಿಯೋತನಕ ಇರತ್ತೆ, ಆಮೇಲೆ ನೋಡಿ," ಅಂದಳು ಯಾಗೊದಾ. ಸದ್ದು ಕಡಿಮೆಯಾಗುತ್ತ ಬಂತು, ಆಮೇಲೆ ನಿಂತಿತು. ಕೊಳವೆಯ ಹೊರಮೈಯ ಬೆಸುಗೆಗಳ ಮೇಲೆ ಮಾತ್ರ ಮಂಜು ಕಟ್ಟಿತ್ತು. "ಈಗ ಬನ್ನಿ. ನಿಮ್ಮ ಗುಳ್ಳೆಗಳ ದರ್ಶನ ಮಾಡಿ." "ನನ್ನ ಗುಳ್ಳೆಗಳಲ್ಲ ಅವು, ಇನ್‌ಸ್ಟಿಟ್ಯೂಟಿನ ಗುಳ್ಳೆಗಳು," ಎನ್ನುತ್ತ ಅವನು ಮೂಗು ಗಾಜಿಗೆ ತಗಲುವಷ್ಟು ಹತ್ತಿರ ಬಗ್ಗಿದ.

ಏನೂ ಇರಲಿಲ್ಲ. ದೀಪದ ಬೆಳಕು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ತೊಡಕಿಲ್ಲದೆ ಹೋಗುತ್ತಿತ್ತು. ಕೊಳವೆ ಖಾಲಿಯಿರಬೇಕು ಎಂದುಕೊಂಡ. ಮೀಟರು ನೋಡಿದರೆ ದ್ರವ ರಭಸವಾಗಿ ಹರಿಯುತ್ತಿತ್ತು, ಎರಡು ತುದಿಯ ಒತ್ತಡದ ಅಂತರ ಅದೇ, ಆ ಹಳೆಯದೇ, ಐದರ ಹತ್ತಿರದ್ದು. ಮತ್ತೆ ಬಗ್ಗಿದ. ಇಷ್ಟು ತಿಳಿಯಾದದ್ದನ್ನು ತಾನು ಜೀವಮಾನದಲ್ಲಿ ನೋಡಿಲ್ಲ ಅನ್ನಿಸಿತು, ಅನ್ನಿಸಿ ಭಯವಾಯಿತು. ಇದ್ದಕ್ಕಿದ್ದ ಹಾಗೆ ಗಾಜಿನ ತಳದಲ್ಲಿ ಬಿಳಿಯದೇನೋ ಒಂದು ಚುಕ್ಕೆ ಓಡಿತು. "ಅಗೋ! ಒಂದು!" ಎಂದು ಕೂಗಿದ. "ಅದು ಹಿಮದ ಪುಡಿ," ಅಂದಳು ಅವಳು, ನಗಲಿಲ್ಲ. "ಗುಳ್ಳೆಯಾಗಿದ್ರೆ ಮೇಲೆ ತೇಲ್ಕೊಂಡು ಹೋಗ್ತಿತ್ತು. ಇದು ತಳ ಹಿಡಿದು ಹೋಯ್ತು, ನೀವೇ ನೋಡಿದ್ರಲ್ಲ." ಹೌದು, ನೋಡಿದ್ದ. ಆದರೂ ಆ ಚುಕ್ಕೆಯ ಮೇಲೆ ಅವನಿಗೆ ಎಲ್ಲಿಲ್ಲದ ಮಮತೆ ಹುಟ್ಟಿತು, ಅದು ಇನ್ನೊಂದು ಸಲ ಬಂದೀತೇ ಎಂದು ಕಾದ. ಕಣ್ಣಲ್ಲಿ ನೀರು ತುಂಬುವವರೆಗೂ ಕಾದರೂ ಅದು ಬರಲಿಲ್ಲ.

"ಮಧ್ಯಾಹ್ನ ನಮ್ಮ ಲೆಕ್ಕ ಡೆನ್ಮಾರ್ಕಿನ ಪ್ರಯೋಗಶಾಲೆಗೆ ಹೋಗತ್ತೆ, ಅವರು ಕೊಳವೆ ಹಾಕಿಸೋದು ಅದರ ಮೇಲೇ," ಅಂದಳು ಯಾಗೊದಾ. "ಮೂರರ ಲೆಕ್ಕದಲ್ಲಿ ಹೋದ್ರೆ ಅವರು ಸಣ್ಣ ಪಂಪು ಹಾಕಿಸ್ತಾರೆ. ಅವರ ಕೊಳವೆ ಉದ್ದ, ನಡುನಡುವೆ ತಿರುವು ಬೇರೆ. ದ್ರವ ಕೊನೆ ಮುಟ್ಟಲ್ಲ. ಅಲ್ಲಿ ಕೋಟಿಗಟ್ಟಲೆ ಬಾಳೋ ಅಯಸ್ಕಾಂತ ಬಿಸಿಯಾಗಿ ಕೂತಿರತ್ತೆ." "ನೀವೇ ಹೇಳಿ ಪ್ರೊಫೆಸರಿಗೆ." "ನಾನು ಹೇಳಿದ್ರೆ, ಕಿಟಕಿ ಕೂರಿಸಿದವಳು ಕಿಟಕಿ ಪರವಾಗಿ ಮಾತಾಡ್ತಾಳೆ ಅಂತಾರೆ. ನಿಮ್ಮ ಮಾತಾದ್ರೆ ಬೇರೆ. ಇಷ್ಟು ವರ್ಷ ಗುಳ್ಳೆ ಇದೆ ಅಂದವರು ನೀವು. ನೀವೇ ಇಲ್ಲ ಅಂದ್ರೆ ಯಾರೂ ಎದುರಾಡೋಹಾಗಿಲ್ಲ." ಅವಳು ದನಿ ತಗ್ಗಿಸಿದಳು. "ಮತ್ತೆ, ಇದು ನಿಮ್ಮದೇ ಅಂಕಿ ಅಲ್ವಾ? ಕ್ರಿಸ್ಮಸ್ ಊಟದಲ್ಲಿ ಒಂದು ಗ್ಲಾಸು ಜಾಸ್ತಿ ಆದಾಗ ನೀವೇ ಹೇಳಿದ್ರಿ, ಮೊದಲು ನಾನು ಐದು ಕಂಡಿದ್ದೆ ಅಂತ. ಅವತ್ತು ನೀವು ಸರಿ ಇದ್ರಿ. ಇದು ನಿಮ್ಮದು." ಇನ್ನೂ ಏನೋ ಹೇಳಲು ಬಾಯಿ ತೆರೆದು, ಬಾಗಿಲ ಕಡೆ ನೋಡಿ, "ಏನಿಲ್ಲ. ಕಂಡಿದ್ದನ್ನ ಕಂಡ ಹಾಗೆ ಹೇಳಿ, ಅಷ್ಟು ಮಾಡಿ," ಎಂದಳು.

ಇದು ನಿಮ್ಮದು. ಮೆಟ್ಟಿಲು ಹತ್ತುತ್ತ ಲುದೊಮಿರ್ ಆ ಮಾತನ್ನು ಬಾಯಲ್ಲಿಟ್ಟುಕೊಂಡ ಪೆಪ್ಪರಮೆಂಟಿನ ಹಾಗೆ ಆಚೀಚೆ ಹೊರಳಿಸಿದ. ಮೊದಲ ಮಹಡಿಗೆ ಬರುವಷ್ಟರಲ್ಲಿ ಅವನ ತಲೆಯಲ್ಲಿ ಪಾಸೆಕ್ ಸೂತ್ರ ಹುಟ್ಟಿತ್ತು, ಜರಿಗಿಡದ ಕುಂಡ ಸ್ವಲ್ಪ ಪಕ್ಕಕ್ಕೆ ಸರಿದು ಹಿತ್ತಾಳೆಯ ಇನ್ನೊಂದು ಹಲಗೆಗೆ ಜಾಗ ಬಿಟ್ಟಿತ್ತು. ಎರಡನೆಯ ಮಹಡಿಯಲ್ಲಿ ಇರ್ಮಿನಾ ಅವನನ್ನು ಮದುವೆಯ ಹೊಸತರಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು. ಆಮೇಲೆ ಮೆಟ್ಟಿಲ ಮಧ್ಯದಲ್ಲೇ ನಿಂತ. ಎರಡನೆಯ ಪ್ರಬಂಧದ ಎಲ್ಲ ಅಧ್ಯಾಯಗಳೂ ಮೂರರ ಮೇಲೆ ನಿಂತಿದ್ದವು. ನೆಟ್ಟಗಿನ ಮಡಿಕೆ ಕೊಳವೆ, ಬಾಗಿದ ಮಡಿಕೆ ಕೊಳವೆ, ಎರಡು ಸಲ ಬಾಗಿದ್ದು, ತಿರುಚಿದ್ದು, ಎಲ್ಲದರಲ್ಲೂ ಮೂರು. ಐದು ಎಂದು ಬಾಯಿಬಿಟ್ಟರೆ ತನ್ನ ಹೊಟ್ಟೆಗೆ ತಾನೇ ಹೊಡೆದುಕೊಂಡಂತೆ. ಮೂರು ಎಂದರೆ ಪ್ರೊಫೆಸರರು ಸಹಿ ಹಾಕುತ್ತಾರೆ, ಕಾವಲಿನವನು ಕರೆಯುವ ಹೆಸರು ನಿಜವಾಗುತ್ತದೆ. ಡೆನ್ಮಾರ್ಕಿನವರು ಶ್ರೀಮಂತರು, ಇನ್ನೊಂದು ಪಂಪು ಕೊಳ್ಳುತ್ತಾರೆ. ಈ ಯಾಗೊದಾಳಿಗಾದರೂ ಇದರಲ್ಲಿ ಏನು ಲಾಭ? ತನ್ನನ್ನು ಮುಂದೆ ನೂಕಿ ತಾನು ಹಿಂದೆ ನಿಲ್ಲುವ ಹುನ್ನಾರ ಇರಬಹುದು. ಬಾಗಿಲ ಕಡೆ ನೋಡಿದ್ದು ಯಾಕೆ? ಸಜ್ಜನಿಕೆಯಿಂದ ಮಾತಾಡಿದವಳನ್ನು ಹೀಗೆ ಅನುಮಾನಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಗೂ ಅವಳ ಮೇಲೆಯೇ ಸಿಟ್ಟು ಬಂತು.

ಪ್ರೊಫೆಸರರ ಕೋಣೆಯಲ್ಲಿ ಜನ ತುಂಬಿದ್ದರು. ಕಾಗದ ಕಡತಗಳನ್ನೆಲ್ಲ ಕಿಟಕಿಯ ದಂಡೆಗೆ ಸರಿಸಿ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಗಸಗಸೆ ತುಂಬಿದ ಸುರುಳಿ ಕೇಕು, ಎಣ್ಣೆಯಲ್ಲಿ ನೆನೆಸಿದ ಹೆರಿಂಗ್ ಮೀನು, ಗಾಜಿನ ಲೋಟಗಳಲ್ಲಿ ಚಹಾ, ಚಹಾದ ಲೋಟಗಳಲ್ಲೇ ಯಾರಿಗೂ ಕಾಣದಂತೆ ಎಲ್ಲರಿಗೂ ಗೊತ್ತಿರುವ ಚೆರ್ರಿ ಮದ್ಯ. ಪ್ರೊಫೆಸರ್ ಹೊರೊದಿಸ್ಕಿ ತಮ್ಮ ಬಿಳಿ ಹುಬ್ಬುಗಳನ್ನು ಬಾಚಿಕೊಂಡು ಬಂದಿದ್ದರು. ಸರದಿಯಲ್ಲಿ ಒಬ್ಬೊಬ್ಬರೂ ಹೋಗಿ ಮೂರು ಸಲ ಕೆನ್ನೆಗೆ ಕೆನ್ನೆ ತಗುಲಿಸಿ ಆಯುರಾರೋಗ್ಯ ಹಾರೈಸುತ್ತಿದ್ದರು. ಲುದೊಮಿರ್ ಹೂವು ಕೊಟ್ಟ. ಅವರು ಅದನ್ನು ನೋಡದೆ ಬೊಗ್ನಾಳಿಗೆ ದಾಟಿಸಿದರು. "ಬಂದ್ರಾ ಲುದೆಕ್! ಎಲ್ಲಿ, ಹತ್ತಿರ ಬನ್ನಿ. ಬೊಗ್ನಾ, ನಮ್ಮ ಲುದೆಕ್‌ಗೆ ಆ ತುದಿ ತುಂಡು ಕೊಡು, ಗಸಗಸೆ ಜಾಸ್ತಿ ಇರೋದು. ಏನು, ಬೆಳಿಗ್ಗೇನೇ ಕಿಟಕೀಲಿ ಇಣುಕಿ ಬಂದ್ರಂತೆ?"

ಕೋಣೆಯಲ್ಲಿ ನಗು ಎದ್ದಿತು. "ಇಣುಕಿದೆ, ಪ್ರೊಫೆಸರೇ." "ಈ ವಯಸ್ಸಲ್ಲಿ ಕಿಟಕಿ ಇಣುಕೋದು ಒಳ್ಳೇದಲ್ಲ ಅಂತ ಹೆಂಡತಿ ಹೇಳಿಲ್ವಾ?" ಮತ್ತೆ ನಗು, ಲುದೊಮಿರನದೂ ಸೇರಿ. ಪ್ರೊಫೆಸರರು ನಗು ಇಳಿಯಲು ಬಿಟ್ಟರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಅಕ್ಕರೆಯಿಂದ, "ಹೇಳಿ ಮತ್ತೆ. ಗುಳ್ಳೆ ಇತ್ತಾ?" ಎಂದರು.

ಇಲ್ಲ ಎಂಬುದು ಎಷ್ಟು ಸಣ್ಣ ಮಾತು. ಅದು ಅವನ ನಾಲಿಗೆಯ ತುದಿಯಲ್ಲೇ ಇತ್ತು, ಬಾಯಿತುಂಬ ಗಸಗಸೆ ಕೇಕಿದ್ದದ್ದರಿಂದ ನುಂಗಿಯೇ ಹೇಳಬೇಕಾಗಿತ್ತು, ನುಂಗುವಷ್ಟು ಹೊತ್ತು ಸಿಕ್ಕಿತು. ಆ ಹೊತ್ತಿನಲ್ಲಿ ಅವನು ಪ್ರೊಫೆಸರರ ಮುಖ ನೋಡಿದ. ಅವರ ಕಣ್ಣುಗಳು ಎಂದಿನಂತೆಯೇ ಇದ್ದವು, ತೇವವಾಗಿ, ತಂದೆಯವರಿದ್ದಿದ್ದರೆ ಹೀಗೇ ನೋಡುತ್ತಿದ್ದರೇನೋ ಎಂದು ಅವನು ಹಿಂದೆ ಎಷ್ಟೋ ಸಲ ಅಂದುಕೊಂಡ ಹಾಗೆ. ಅವರ ಹಿಂದೆ ಕಿಟಕಿಯ ದಂಡೆಯ ಮೇಲೆ ಕಡತಗಳ ನಡುವೆ ತನ್ನ ಪ್ರಬಂಧದ ನೀಲಿ ರಟ್ಟು ಕಂಡಿತು. ಬಾಗಿಲ ಹತ್ತಿರ ಯಾಗೊದಾ ನಿಂತಿದ್ದಳು, ಕೈಯಲ್ಲಿ ತಟ್ಟೆಯಿಲ್ಲದೆ, ಅವನನ್ನೇ ನೋಡುತ್ತ. ಅವನ ಎದೆಯಲ್ಲಿ ಆ ಬಿಳಿಯ ಚುಕ್ಕೆ ಓಡಿತು. ಮೇಲೆ ಓಡಿತೋ, ತಳ ಹಿಡಿದು ಓಡಿತೋ? ಈಗ ನೆನಪಿಸಿಕೊಂಡರೆ ಮೇಲೆಯೇ ಓಡಿದ ಹಾಗಿತ್ತು.

"ಇತ್ತು, ಪ್ರೊಫೆಸರೇ," ಅಂದ. "ಹೆಚ್ಚೇನಿಲ್ಲ. ಆದರೆ ಇತ್ತು."

"ಎಷ್ಟು?"

"ಒಂದು... ಒಂದೊಂದಾಗಿ ಬರ್ತಾ ಇತ್ತು. ಸಣ್ಣವು. ಬರಿಗಣ್ಣಿಗೆ ಥಟ್ಟನೆ ಕಾಣೋಂಥವಲ್ಲ, ಅಭ್ಯಾಸ ಇರಬೇಕು."

"ಅಭ್ಯಾಸ ಇರಬೇಕು," ಎಂದು ಪ್ರೊಫೆಸರರು ಮೆಲ್ಲಗೆ ಪುನರುಚ್ಚರಿಸಿದರು. ಲೋಟ ಕೆಳಗಿಟ್ಟು ಕರವಸ್ತ್ರದಿಂದ ತುಟಿ ಒರೆಸಿಕೊಂಡರು. "ಸ್ನೇಹಿತರೇ, ನಾಮದಿನದ ದಿವಸ ಮುದುಕನಿಗೆ ಎರಡು ಮಾತಾಡೋ ಹಕ್ಕಿದೆ, ಕೇಕು ತಿಂತಾನೇ ಕೇಳಿ. ನಿನ್ನೆ ಸಂಜೆ ನಾನೇ ಕೆಳಗೆ ಹೋಗಿದ್ದೆ. ಡಾಕ್ಟರ್ ವಿಲ್ಕ್‌ಗೆ, ನಾನು ಬಂದಿದ್ದು ಯಾರಿಗೂ ಹೇಳ್ಬೇಡಮ್ಮ ಅಂತ ಅಂದಿದ್ದೆ. ನಾನೂ ಆ ಕಿಟಕೀಲಿ ನೋಡ್ದೆ. ಕನ್ನಡಕ ಹಾಕ್ಕೊಂಡು ನೋಡ್ದೆ, ತೆಗೆದು ನೋಡ್ದೆ. ಒಂದೇ ಒಂದು ಗುಳ್ಳೆ ಇಲ್ಲ ಕಣ್ರೀ. ಅಂಕಿ ಐದು. ನನ್ನ ಸೂತ್ರ ತಪ್ಪು!" ಪ್ರೊಫೆಸರರು ಎರಡೂ ಕೈ ಅಗಲಿಸಿ ನಕ್ಕರು, ಒಳ್ಳೆಯ ಸುದ್ದಿ ಹೇಳುವವರ ಹಾಗೆ. "ವಿಜ್ಞಾನ ಅಂದ್ರೆ ಇದೇ. ತಪ್ಪನ್ನ ತಪ್ಪು ಅನ್ನೋ ಧೈರ್ಯ. ಡೆನ್ಮಾರ್ಕಿಗೆ ಐದರ ಲೆಕ್ಕಾನೇ ಹೋಗತ್ತೆ. ಡಾಕ್ಟರ್ ವಿಲ್ಕ್ ಮತ್ತು ನಾನು ಸೇರಿ ಹೊಸ ಸೂತ್ರ ಪ್ರಕಟಿಸ್ತೀವಿ."

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಒಂದು ಕೈಯಲ್ಲಿ ತಟ್ಟೆಯಿದ್ದ ಲುದೊಮಿರ್ ಇನ್ನೊಂದು ಕೈಯನ್ನು ತೊಡೆಗೆ ತಟ್ಟಿದ. "ನೀವು ಕೇಳಬಹುದು, ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ ಅಂತ," ಎಂದು ಪ್ರೊಫೆಸರರು ಮುಂದುವರಿಸಿದರು. "ನಾನೂ ರಾತ್ರಿಯೆಲ್ಲ ಅದನ್ನೇ ಕೇಳ್ಕೊಂಡೆ. ಮೇಲೆ ಕೂತ ಮುದುಕ ಏನು ಮಾಡ್ತಾನೆ ಹೇಳಿ? ಕೆಳಗಿನವರ ಕಣ್ಣನ್ನ ನಂಬ್ತಾನೆ. ನನ್ನ ಹತ್ತಿರ ಬಂದ ಒಂದೊಂದು ಅಳತೆ ಮೇಲೂ 'ಗುಳ್ಳೆ, ಲೆಕ್ಕಕ್ಕಿಲ್ಲ' ಅಂತ ಬರೆದಿರೋದು. ಯಾರ ಬರಹ ಅಂತ ಹೇಳಲ್ಲ. ಅವರು ನನ್ನ ಮಗನ ಹಾಗೆ." ಅವರು ಲುದೊಮಿರನ ಭುಜದ ಮೇಲೆ ಕೈಯಿಟ್ಟರು. ಕೈ ಬೆಚ್ಚಗಿತ್ತು, ಭಾರವಾಗಿತ್ತು. "ಇವತ್ತೂ ಕಂಡಿದಾರೆ, ಪಾಪ. ಸಣ್ಣವು ಅಂತೆ. ಒಂದೊಂದಾಗಿ ಬರ್ತಿದ್ವಂತೆ."

ಈ ಸಲದ ನಗು ಬೇರೆಯಾಗಿತ್ತು. ಅದು ಬಿಡುಗಡೆಯ ನಗು, ಇಷ್ಟು ದಿನ ಅಳತೆ ಉಜ್ಜಿಕೊಂಡು ಬಂದವರೆಲ್ಲರ ನಗು, ತಪ್ಪಿಗೊಂದು ಮುಖ ಸಿಕ್ಕಿತು, ಆ ಮುಖ ತಮ್ಮದಲ್ಲ ಎಂಬ ನಗು. ಲುದೊಮಿರ್ ಆ ನಗುವಿನ ನಡುವೆ ನಿಂತು, ಈಗ ಎಂದುಕೊಂಡ. ಈಗ ಹೇಳಬೇಕು. ನೀವೇ ಅಲ್ಲವೇ ಗುಳ್ಳೆ ಅಂದದ್ದು, ನಾನು ಐದು ಎಂದು ತಂದೆನಲ್ಲ, ಈ ಮೇಜಿನ ಮೇಲೇ ಇಟ್ಟೆನಲ್ಲ, ನನ್ನ ಅಂಗೈಗೆ ರಬ್ಬರು ಇಟ್ಟವರು ಯಾರು? ಮಾತುಗಳು ಸಾಲಾಗಿ ನಿಂತಿದ್ದವು, ಒಂದೂ ತಪ್ಪಿಲ್ಲದೆ. ಆದರೆ ಆ ಮಾತುಗಳ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಕಾದಿತ್ತು, ಅದನ್ನು ಪ್ರೊಫೆಸರರೇ ಕೇಳಬೇಕಾಗಿರಲಿಲ್ಲ, ಬೊಗ್ನಾ ಕೇಳಿದರೂ ಸಾಕಿತ್ತು. ಅದು ಹಿಂದಿನ ಕಥೆ ಲುದೆಕ್, ಆದರೆ ಈಗ ಒಂದು ನಿಮಿಷದ ಹಿಂದೆ ನೀವು ಕಂಡದ್ದೇನು? ತನ್ನದಾಗಿದ್ದ ಒಂದೇ ಒಂದು ವಸ್ತುವನ್ನು ತಾನೇ, ಇಷ್ಟು ಜನರ ಮುಂದೆ, ಕೇಕು ನುಂಗಿ ಬಾಯಿ ಒರೆಸಿಕೊಂಡು, ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಅವನಿಗೆ ಅಳು ಬಂತು. ಅಳು ಬಂದದ್ದು ಪ್ರೊಫೆಸರರಿಗೆ ಕಂಡಿತು, ಅದನ್ನು ಅವರು ಪಶ್ಚಾತ್ತಾಪವೆಂದು ಸ್ವೀಕರಿಸಿದರು.

"ಕ್ಷಮಿಸಿ, ಪ್ರೊಫೆಸರೇ," ಎಂದ ಲುದೊಮಿರ್. "ನನ್ನ ಕಣ್ಣು... ಇತ್ತೀಚೆಗೆ ಸರಿಯಿಲ್ಲ."

"ಗೊತ್ತು, ಗೊತ್ತು. ನನಗೊಬ್ಬ ಒಳ್ಳೇ ಕಣ್ಣಿನ ಡಾಕ್ಟರು ಗೊತ್ತು, ಹೇಳಿಡ್ತೀನಿ. ನಿಮ್ಮ ಪ್ರಬಂಧ ಮಾತ್ರ ಇನ್ನೊಂದೆರಡು ವರ್ಷ ಕಾಯಲಿ. ಎಲ್ಲಾ ಹಳೇ ಸೂತ್ರದ ಮೇಲಿದೆ ನೋಡಿ, ಪಾಪ, ನೀವು ನನ್ನನ್ನ ಜಾಸ್ತಿ ನಂಬಿಬಿಟ್ರಿ." ಭುಜದ ಮೇಲಿನ ಕೈ ಒಮ್ಮೆ ಒತ್ತಿ ಬಿಟ್ಟಿತು. ಯಾಗೊದಾ ಬಾಗಿಲ ಹತ್ತಿರ ಇರಲಿಲ್ಲ, ಯಾವಾಗ ಹೋದಳೋ.

"ಯಾಕೆ ಎಲ್ಲಾ ಸುಮ್ಮನಾದ್ರಿ? ಹಾಡಲ್ವಾ?" ಎಂದು ಬೊಗ್ನಾ ಲೋಟ ಎತ್ತಿದಳು. ನಾಮದಿನದವನು ನೂರು ವರ್ಷ ಬಾಳಲಿ ಎಂದು ಹಾಡುವುದು ವಾಡಿಕೆ. ಮೊದಲು ಎರಡು ದನಿ, ಆಮೇಲೆ ನಾಲ್ಕು, ಆಮೇಲೆ ಇಡೀ ಕೋಣೆ. ಪ್ರೊಫೆಸರರು ನಾಚಿದವರಂತೆ ತಲೆ ತಗ್ಗಿಸಿ ನಿಂತರು. ಲುದೊಮಿರನ ಬಾಯಿ ತಾನಾಗಿ ತೆರೆದುಕೊಂಡಿತು. ಒಳ್ಳೆಯ ದನಿ ಅವನದು, ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಹಾಡಿ ಪಳಗಿದ್ದು, ಆದರೆ ಇನ್‌ಸ್ಟಿಟ್ಯೂಟಿನಲ್ಲಿ ಇಷ್ಟು ವರ್ಷದಲ್ಲಿ ಯಾರೂ ಅದನ್ನು ಪೂರ್ತಿ ಕೇಳಿರಲಿಲ್ಲ. ಅದು ಎದೆಯಿಂದ ನೇರವಾಗಿ, ಎಲ್ಲೂ ತಡೆಯದೆ, ಒಂದಿಷ್ಟೂ ಬಲ ಕಳೆದುಕೊಳ್ಳದೆ ಹೊರಟಿತು. ಪಕ್ಕದವರು ತಿರುಗಿ ನೋಡಿದರು. ಎಲ್ಲರಿಗಿಂತ ಜೋರಾಗಿ ಕೇಳುತ್ತಿರುವುದು ತನ್ನದೇ ದನಿ ಎಂದು ಗೊತ್ತಾಗಿಯೂ ಅವನು ತಗ್ಗಿಸಲಿಲ್ಲ.